ಕಂಬಿ ನಿಂತ ಕಡೆ

ಮುಂಡರಗಿ
೧೨ ಅಕ್ಟೋಬರ್ ೨೦೨೫, ರವಿವಾರ

ಪ್ರೀತಿಯ ಮಗ ಮೊಹಸಿನನಿಗೆ,

ನಿನ್ನ ಅಪ್ಪ ಬುಡ್ಡೇಸಾಬನ ಸಲಾಮು. ಆರಾಮ ಇದ್ದೀಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ವೆಲ್ಡಿಂಗ್ ಮಾಡುವಾಗ ಕಪ್ಪು ಕನ್ನಡಕ ಹಾಕಿಕೊಳ್ಳುತ್ತೀಯಾ? ನೆಗಡಿಯಾದರೆ ಕಷಾಯ ಕಾಸಿ ಕೊಡುವವರು ಯಾರಿದ್ದಾರೆ? ಇವು ನನ್ನ ಪ್ರಶ್ನೆಗಳಲ್ಲ, ನಿನ್ನ ಅವ್ವ ಶಮಶಾದಬಿಯವು. ನನ್ನ ಎದುರಿಗೆ ಕಾಲು ಚಾಚಿ ಕೂತು, ದಿಂಬಿಗೆ ಹತ್ತಿ ತುಂಬುತ್ತ, ಒಂದೊಂದಾಗಿ ಹೇಳಿ ಬರೆಸುತ್ತಿದ್ದಾಳೆ. ನೀನು ಕಾಣದಾಗಿ ಐದು ವರ್ಷ ಆಯಿತು. ಅಂದಿನಿಂದ ಅವಳಿಗೆ ಮನಸ್ಸಾದಾಗಲೆಲ್ಲ ನಾನು ಪೆನ್ನು ಹಿಡಿಯಬೇಕು. ಅವಳಿಗೆ ಓದು ಬಾರದಿರುವುದು ನನ್ನ ಪುಣ್ಯ. ಅವಳು ಹೇಳಿದ್ದನ್ನೆಲ್ಲ ಬರೆಯುತ್ತೇನೆ, ಆದರೆ ಬರೆದದ್ದನ್ನೆಲ್ಲ ಓದಿ ಹೇಳುವುದಿಲ್ಲ.

ಇಲ್ಲಿ ನಾವಿಬ್ಬರೂ ಓಡಾಡಿಕೊಂಡಿದ್ದೇವೆ. ನನ್ನ ಮೊಣಕಾಲು ಮೆಟ್ಟಿಲು ಕಂಡರೆ ಗೊಣಗುತ್ತದೆ, ಹತ್ತಿಯ ಧೂಳಿನ ಕೆಮ್ಮು ಬೆಳಿಗ್ಗೆ ನನಗಿಂತ ಮೊದಲು ಏಳುತ್ತದೆ. ಜನ ಈಗ ಫೋಮಿನ ಹಾಸಿಗೆಗೆ ಮರುಳಾಗಿದ್ದಾರೆ. ವರ್ಷ ಮಲಗಿ ಬೆನ್ನು ಹಿಡಿದ ಮೇಲೆ ನನ್ನ ಗಾದಿ ಅಂಗಡಿ ನೆನಪಾಗುತ್ತದೆ. ಲೋಕದಲ್ಲಿ ಬೆನ್ನುನೋವು ಇರುವ ತನಕ ಹತ್ತಿ ಹಿಂಜಿ ಬದುಕುವ ನಮ್ಮ ನದಾಫರಿಗೆ ರೊಟ್ಟಿಗೆ ತೊಂದರೆಯಿಲ್ಲ. ಹೀಗೆ ತಮಾಷೆ ಮಾಡಿದರೆ ಮೊದಲು ನೀನಾದರೂ ನಗುತ್ತಿದ್ದೆ.

ನಿನ್ನ ಹೆಂಡತಿ ಸಾಯಿಮಾ ಈಗ ನಮ್ಮ ಮನೆಯಲ್ಲಿಲ್ಲ. ನಿನ್ನ ದಾರಿ ಕಾಯುತ್ತ ನಾಲ್ಕು ವರ್ಷಕ್ಕೂ ಮೇಲೆ ನಮ್ಮ ಜೊತೆಗೇ ಇದ್ದು ಗಾದಿ ಹೊಲಿದಳು. ಹೋದ ರಮಜಾನ್ ಮುಗಿದ ಮೇಲೆ ಅವಳ ಅಣ್ಣ ಅಶ್ಫಾಕ ಬಂದು ಲಕ್ಷ್ಮೇಶ್ವರಕ್ಕೆ ಕರೆದುಕೊಂಡು ಹೋದ. ಸಿಟ್ಟಾಗಬೇಡ, ಅವಳು ನನ್ನ ಮಗಳಾಗಿದ್ದರೆ ನಾನು ಮೊದಲ ವರ್ಷವೇ ಕರೆತರುತ್ತಿದ್ದೆ. ಶಿರಹಟ್ಟಿಯಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಯೂಸುಫ ಎಂಬವನು, ಹೆಂಡತಿ ತೀರಿಹೋದವನು, ನಿಕಾಹಕ್ಕೆ ಕೇಳಿದ್ದಾನೆ. ಅದಕ್ಕೆ ಮೊದಲು ನಿನ್ನ ಮದುವೆಯಿಂದ ಅವಳಿಗೆ ಬಿಡುಗಡೆ ಆಗಬೇಕು. ನಾಲ್ಕು ವರ್ಷ ಗಂಡನ ಪತ್ತೆಯೇ ಇಲ್ಲದಿದ್ದರೆ ಕೋರ್ಟು ಬಿಡಿಸಿಕೊಡುತ್ತದಂತೆ. ಗದಗಿನಲ್ಲಿ ಕೇಸು ಹಾಕಿದ್ದಾರೆ. ಹೆತ್ತಪ್ಪನಿಗೆ ಏನು ಗೊತ್ತೋ ಬಂದು ಹೇಳಲಿ ಎಂದು ನನಗೂ ನೋಟೀಸು ಬಂದಿದೆ. ನಿನ್ನ ಅವ್ವ ಅದನ್ನು ಕೇಳಿದ ದಿನವೇ ಹೇಳಿಬಿಟ್ಟಳು, “ಮಗಾ ಇಲ್ಲಂತ ನಿಮ್ಮ ಬಾಯಿಲೆ ಬಂತಂದ್ರ ನಾ ಈ ಮನ್ಯಾಗ ಇರೂದಿಲ್ರಿ.” ಸಾಯಿಮಾ ಒಂದೇ ಸಲ ಫೋನು ಮಾಡಿದಳು. “ಮಾವಾರ, ನೀವು ಹೆಂಗ ಅಂತೀರಿ ಹಂಗ,” ಎಂದಳು, ಅಳು ಬಂತೇನೋ, ಇಟ್ಟುಬಿಟ್ಟಳು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು ನನ್ನದು. ನಾನು ಸುಮ್ಮನಿದ್ದರೆ ಆ ಹುಡುಗಿಯ ಬಾಳು ಕೆಡುತ್ತದೆ, ಬಾಯಿ ಬಿಟ್ಟರೆ ಇವಳು ಉಳಿಯುವುದಿಲ್ಲ.

ನಿನ್ನ ಅವ್ವನ ನಂಬಿಕೆಗೆ ಆಧಾರ ಒಂದೇ. “ಸಿಂಗಟಾಲೂರ ಹೊಳ್ಯಾಗ ಈಸಾಡಿ ಬೆಳದಾನ್ರಿ ನನ್ನ ಮಗಾ. ನೀರು ಅವನ್ನ ಏನ್ ಮಾಡೀತು?” ಎನ್ನುತ್ತಾಳೆ. ನನಗೂ ಖರೆ ಅನಿಸುತ್ತಿತ್ತು. ತುಂಗಭದ್ರೆಯನ್ನು ಈ ದಡದಿಂದ ಆ ದಡಕ್ಕೆ ಈಜುತ್ತಿದ್ದವನು ನೀನು. ಅಂಕೋಲಾ ಕಾಡಿನ ಜಲಪಾತದ ದಾರಿಗೆ ಕಂಬಿ ಬೆಸೆಯಲು ನಿನ್ನನ್ನು ಒಯ್ದ ಕಂತ್ರಾಟದಾರ, ನೀನು ಜಗಳ ಮಾಡಿ ಗೋವಾ ಕಡೆ ಹೋದೆ ಎಂದು ಹೇಳಿದ್ದ. ಆಗ ನಾನು ಅಂಕೋಲಾಕ್ಕೆ ಹೋಗಿದ್ದೆ, ಮಳೆಗೆ ಕಾಡಿನ ದಾರಿ ಬಂದ್ ಮಾಡಿದ್ದರು, ಪೊಲೀಸರಿಗೆ ಅರ್ಜಿ ಕೊಟ್ಟು ಹಾಗೇ ಬಂದೆ. ನಮ್ಮಂಥ ಬಯಲುಸೀಮೆಯವರಿಗೆ ನೀರೆಂದರೆ ಹೊಳೆಯ ನೀರು, ಕೆರೆಯ ನೀರು. ಈಜು ಬಂದರೆ ಮುಗಿಯಿತು ಅಂದುಕೊಂಡಿದ್ದೆವು.

ಹೋದ ವಾರ ಮತ್ತೆ ಹೋಗಿದ್ದೆ. ಹೊಂಬಳದ ಅಂದಪ್ಪ ನಿನಗೆ ಗೊತ್ತಲ್ಲ, ಹತ್ತಿ ಸಾಗಿಸುವ ಟೆಂಪೋ ಮಾರಿ ಈಗ ಟೂರಿನ ಗಾಡಿ ಇಟ್ಟಿದ್ದಾನೆ. ಮಳೆ ಕಡಿಮೆಯಾದ ಮೇಲೆ ಹುಲಕೋಟಿ, ಗದಗಿನ ಪಿಂಚಣಿದಾರರನ್ನು ತುಂಬಿಕೊಂಡು ಕರಾವಳಿ ಕಾಡಿನ ಜಲಪಾತಗಳನ್ನು ತೋರಿಸಿ ತರುತ್ತಾನೆ. “ಸರಳ ದಾರಿ ಐತಿ ಸಾಬ್ರ, ಮುದುಕ್ರು ಸೈತ ಚಪ್ಪಲ್ ಮ್ಯಾಲ ಹೋಗಿ ಬರ್ತಾರ. ನೀವೂ ಬರ್ರಿ, ನಿಮ್ಮ ಮೊಹಸಿನ ಮಾಡಿದ್ದ ಕೆಲಸ ನೋಡಿದಂಗ ಆಗ್ತೈತಿ,” ಎಂದ. ನೀನು ಸಿಕ್ಕರೆ ಮುಟ್ಟಿಸಲಿ ಎಂದು ನಿನ್ನ ಅವ್ವ ಹೊಸ ದಿಂಬು ತುಂಬಿ ಕೊಟ್ಟಳು. ನಿನಗೆ ಬೇರೆ ದಿಂಬಿನ ಮೇಲೆ ನಿದ್ದೆ ಹತ್ತುವುದಿಲ್ಲವಲ್ಲ. ಗಾಡಿಯಲ್ಲಿ ನನ್ನ ಪಕ್ಕ ಕೂತ ಪುಂಡಲೀಕಪ್ಪ ಮಾಸ್ತರು, ಮೂಲವ್ಯಾಧಿಯವರು, ಅದು ತಮಗಾಗಿಯೇ ತಂದದ್ದು ಎಂದು ಅರಬೈಲ್ ಘಟ್ಟ ಇಳಿಯುವವರೆಗೂ ಅದರ ಮೇಲೆಯೇ ಕೂತಿದ್ದರು.

ದಾರಿ ಸರಳವೇ, ಅಂದಪ್ಪ ಸುಳ್ಳು ಹೇಳಿರಲಿಲ್ಲ. ಅಗಲವಾದ ಮೆಟ್ಟಿಲು, ಎಡಗಡೆ ಕಬ್ಬಿಣದ ಕಂಬಿ. ಮರಗಳು ಎಷ್ಟು ದಟ್ಟ ಎಂದರೆ ಹಗಲಲ್ಲೇ ಅಂಗಡಿಯ ಶಟರ್ ಅರ್ಧ ಇಳಿಸಿದಂತಿತ್ತು. ಕಾಡು ಮುಗಿದ ಮೇಲೆ ಸಮುದ್ರವಂತೆ, ಗಾಳಿಯಲ್ಲೇ ಉಪ್ಪಿನ ಪಸೆ. ಬಗಲಲ್ಲಿದ್ದ ದಿಂಬು ನೋಡನೋಡುತ್ತ ಭಾರವಾಯಿತು. ಉಳಿದವರು ನೀರಿನ ಸಪ್ಪಳ ಕೇಳಿ ಹುಡುಗರ ಹಾಗೆ ಮುಂದೆ ಓಡಿದರು. ನಾನು ಕಂಬಿ ಹಿಡಿದು ನಡೆದೆ. ನೀನು ಬೆಸೆದ ಕಂಬಿ, ಮಗನೇ. ಮೊಣಕಾಲು ನೋವಿನವನು ಒಬ್ಬ ಬೀಳದೆ ಇಳಿಯಲಿ ಎಂದೇ ಮಾಡಿದ ಹಾಗಿತ್ತು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಇಳಿದೆ. ಹೆಮ್ಮೆ ಆಯಿತು, ಒಂದೊಂದು ಬೆಸುಗೆಯನ್ನೂ ಸವರಿ ನೋಡಿದೆ.

ಜಲಪಾತ ಇನ್ನೂ ಕೆಳಗಿರುವಾಗಲೇ ಕಂಬಿ ನಿಂತುಬಿಟ್ಟಿದೆ. ಅಲ್ಲಿಂದ ಮುಂದೆ ಮರದಿಂದ ಮರಕ್ಕೆ ಹಗ್ಗ ಕಟ್ಟಿದ್ದಾರೆ. ಐದು ವರ್ಷದಿಂದ ಹಗ್ಗವೇ ಇದೆಯಂತೆ, ಕೆಲಸ ಮುಂದುವರಿಸಲು ಯಾರೂ ಬಂದಿಲ್ಲವಂತೆ. ಅಲ್ಲಿ ನಿಂತು ನೀರು ನೋಡಿದೆ. ಪುಂಡಲೀಕಪ್ಪ ಮಾಸ್ತರು “ವಾ, ವಾ” ಎನ್ನುತ್ತಿದ್ದರು. ನನಗೆ ಸಿಟ್ಟು ಬಂತು. ಅದು ಈಜುವ ನೀರಲ್ಲ, ಮೊಹಸಿನ. ಬಂಡೆಯ ಮೇಲೆ ಬಂಡೆ, ಅವುಗಳ ನಡುವೆ ಹಾಯುವ ನೀರು, ಕೆಳಗೆ ಕುದಿಯುವ ಮಡು. ತುಂಗಭದ್ರೆ ಮನುಷ್ಯನಿಗೆ ಕೈ ಆಡಿಸಲು ಜಾಗ ಕೊಡುತ್ತಾಳೆ. ಇಲ್ಲಿ ನಿನ್ನ ಈಜು ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ.

ಮೇಲೆ, ಗಾಡಿ ನಿಲ್ಲಿಸುವ ಕಡೆ, ತಿಪ್ಪವ್ವ ಎಂಬ ಹೆಣ್ಣುಮಗಳದು ಚಹಾದ ಅಂಗಡಿ. ನಮ್ಮ ಕಡೆಯಿಂದ ದುಡಿಯಲು ಹೋಗಿ ಅಲ್ಲೇ ಉಳಿದವಳು. ನನ್ನ ಮಾತು ಕೇಳಿ ಊರು ಕೇಳಿದಳು, ಮುಂಡರಗಿ ಎಂದ ಕೂಡಲೇ ಚಹಾ ಸೋಸುವುದನ್ನು ಬಿಟ್ಟಳು. “ಕಾಕಾ, ಆ ಕಂಬಿ ಹುಡುಗನ ಅಪ್ಪಾರೇನ್ರಿ?” ಎಂದಳು. ನೀನು ಅವಳ ಕೈಯ ರೊಟ್ಟಿ ತಿನ್ನುತ್ತಿದ್ದೆಯಂತೆ. “ಇಲ್ಲಿ ಒಂದ ಹನಿ ಮಳಿ ಇರಲಿಲ್ರಿ. ಮ್ಯಾಲ ಗುಡ್ಡದಾಗ ಎಲ್ಲೋ ಸುರದಿತ್ತು. ನೀರು ಏರಾಕ ಹತ್ತಿದ್ದ ನೋಡಿ, ಮಷೀನ್ ಎತ್ತಿ ತರ್ತೀನಂತ ಅವಾ ಕೆಳಗ ಇಳದಾ. ಒಮ್ಮೆಲೆ ಕೆಂಪು ನೀರು ಬಂತ್ರಿ. ಉಳದಾವ್ರೆಲ್ಲಾ ಮ್ಯಾಲ ಬಂದ್ರು, ಅವಾ ಬರಲಿಲ್ಲ.” ಇಷ್ಟು ದಿನ ಯಾಕೆ ಹೇಳಲಿಲ್ಲ ತಂಗಿ ಎಂದೆ. ಅವಳ ಗಂಡನೂ ಅದೇ ಕಂತ್ರಾಟದಾರನ ಕೈಕೆಳಗೆ ದುಡಿಯುತ್ತಿದ್ದನಂತೆ, ಬಾಯಿ ಮುಚ್ಚಿಕೊಂಡಿರಲು ಹೇಳಿದ್ದರಂತೆ. ಪೊಲೀಸರ ಮುಂದೆ ಹೇಳುತ್ತೀಯಾ ಎಂದರೆ ಕೈಮುಗಿದು ಅತ್ತಳು. ಅವಳಿಗೂ ಮಕ್ಕಳಿದ್ದಾರೆ. ದಿಂಬನ್ನು ಅವಳಿಗೇ ಕೊಟ್ಟು ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಮಾಸ್ತರು ಬರಿಯ ಸೀಟಿನ ಮೇಲೆ ನರಳಿದರು.

ಮನೆಗೆ ಬಂದಾಗ ನಿನ್ನ ಅವ್ವ ನನ್ನ ಮುಖ ನೋಡಲೇ ಇಲ್ಲ, ಖಾಲಿ ಬಗಲು ನೋಡಿದಳು. “ದಿಂಬು ಮುಟ್ಟಿಸಿ ಬಂದ್ರಿ?” ಎಂದಳು. ಹೂಂ, ನಮ್ಮ ಕಡೆಯವಳೊಬ್ಬಳ ಕೈಗೆ ಕೊಟ್ಟೆ, ಮೊಹಸಿನನನ್ನು ಬಲ್ಲವಳು ಎಂದೆ. ಅದರಲ್ಲಿ ಸುಳ್ಳಿನ ಅಕ್ಷರ ಒಂದೂ ಇರಲಿಲ್ಲ. ಆದರೆ ಆ ರಾತ್ರಿ ಅವಳು ಶಿರಾ ಮಾಡಿ ಓಣಿಗೆಲ್ಲ ಹಂಚಿದಳು. ನನಗೂ ಒಂದು ಬಟ್ಟಲು ಕೊಟ್ಟಳು, ತಿಂದೆ. ಅಂಥ ಕಹಿಯಾದದ್ದನ್ನು ನಾನು ಹುಟ್ಟಿದ ಮೇಲೆ ತಿಂದಿಲ್ಲ. ಈಗ ಈ ಪತ್ರವನ್ನೂ ತಿಪ್ಪವ್ವನ ಅಂಗಡಿಯ ವಿಳಾಸಕ್ಕೇ ಹಾಕು ಎನ್ನುತ್ತಿದ್ದಾಳೆ.

ನಿನ್ನ ಅವ್ವನ ದುವಾ ನಿನ್ನ ತಲೆಯ ಮೇಲಿರಲಿ. ಪಕ್ಕದ ಮನೆಯ ನಿಶಾತ ಸಲಾಮು ಹೇಳಿದ್ದಾಳೆ. ಅಂದಪ್ಪ ನಿನ್ನ ಕ್ಷೇಮ ಕೇಳಿದ್ದಾನೆ. ನೀನು ಎಲ್ಲಿದ್ದರೂ ಅಲ್ಲಾಹ ನಿನ್ನನ್ನು ಬೆಚ್ಚಗೆ ಒಣನೆಲದ ಮೇಲೆ ಇಟ್ಟಿರಲಿ.

ನಿನ್ನ ಅಪ್ಪ,
ಬುಡ್ಡೇಸಾಬ

ತಾ.ಕ.: ನಳ ಬಂತೆಂದು ನಿನ್ನ ಅವ್ವ ಕೊಡ ತೆಗೆದುಕೊಂಡು ಓಡಿದಳು, ಬರುವುದರೊಳಗೆ ಬರೆದುಬಿಡುತ್ತೇನೆ. ಅವಳು ಎದುರಿಗಿದ್ದಾಗ ಕೈ ಓಡಲಿಲ್ಲ. ಗುರುವಾರ ಗದಗಿಗೆ ಹತ್ತಿ ತರಲು ಹೋಗುತ್ತೇನೆಂದು ಅವಳಿಗೆ ಹೇಳಿದ್ದೇನೆ. ಹೋಗುವುದು ಕೋರ್ಟಿಗೆ. ನನ್ನ ಮಗ ಇಲ್ಲ, ಅವನು ಇನ್ನು ಬರುವುದಿಲ್ಲ, ನನ್ನ ಸೊಸೆಯನ್ನು ಬಿಟ್ಟುಕೊಡಿ ಎಂದು ಕಟಕಟೆಯಲ್ಲಿ ನಿಂತು ಹೇಳುತ್ತೇನೆ. ತಿರುಗಿ ಬಂದಾಗ ನಿನ್ನ ಅವ್ವ ಮನೆಯಲ್ಲಿ ಇರುತ್ತಾಳೋ ಇಲ್ಲವೋ. ನೀನು ಎಲ್ಲಾದರೂ ಇದ್ದರೆ, ಗುರುವಾರ ಹನ್ನೊಂದಕ್ಕೆ ಬಾ. ಇಡೀ ಕೋರ್ಟಿನ ಎದುರು ನನ್ನನ್ನು ಸುಳ್ಳುಗಾರನನ್ನಾಗಿ ಮಾಡು, ಮಗನೇ. ನಗುತ್ತ ಜೈಲಿಗೆ ಹೋಗುತ್ತೇನೆ.