ಹುಲಿ ಸಿಗುವವರೆಗೆ ಕೋವಿ ಠಾಣೆಗೆ

ಹನಗೋಡು
ಸೆಪ್ಟೆಂಬರ್ ೧೪, ಭಾನುವಾರ

ಶುಂಠಿಯ ಸಹವಾಸಕ್ಕೆ ಬಿದ್ದು ಸೊರಬ ಸೇರಿರುವ ನನ್ನ ಯಜಮಾನರಿಗೆ, ಸರ್ವಮಂಗಳ ಮಾಡುವ ನಮಸ್ಕಾರ.

ನಿಮ್ಮ ಮಂಡಿನೋವು ಹೇಗಿದೆ? ಶೆಡ್ಡಿನ ನೆಲ ಥಂಡಿ, ಹಲಗೆ ಹಾಕಿಸಿಕೊಂಡು ಮಲಗಿ ಎಂದಿದ್ದೆ. ಹಾಕಿಸಿಕೊಂಡಿರುವುದಿಲ್ಲ, ನನಗೆ ಗೊತ್ತು. ಎಣ್ಣೆಯಾದರೂ ತಿಕ್ಕಿಕೊಳ್ಳಿ. ವಾಟ್ಸಾಪಿನಲ್ಲಿ ಕಳಿಸಿದ್ದಕ್ಕೆಲ್ಲ ಒಂದೇ ಟಿಕ್ಕು ಬಿದ್ದು ಕೂತಿದೆ. ನೀರಿನ ಟ್ಯಾಂಕು ಹತ್ತಿದರೆ ಮಾತ್ರ ಫೋನಿಗೆ ಸಿಗುವ ಮನುಷ್ಯ ನೀವು, ಆ ಮಂಡಿಯಲ್ಲಿ ಹತ್ತುವುದು ಯಾವಾಗ? ಅದಕ್ಕೇ ಲಾರಿಯ ಕಿರಣ್ಕುಮಾರನ ಕೈಯಲ್ಲಿ ಕಾಗದ ಕಳಿಸುತ್ತಿದ್ದೇನೆ. ನಿಮ್ಮ ಶುಂಠಿ ತುಂಬಲು ಮಧ್ಯಾಹ್ನ ಹೊರಡುತ್ತಾನಂತೆ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಆ ಸಾಲನ್ನು ದಾಟಿ ಮುಂದೆ ಹೋಗುತ್ತೇನೆ.

ಹುಲಿ ಬಂದಿದೆ ರೀ. ಹೋದ ವಾರ ಫೋನಿನಲ್ಲಿ ಹೇಳಿದಾಗ "ನಾಗರಹೊಳೆ ಪಕ್ಕ ಹುಲಿ ಬರ್ದೆ ಇನ್ನೇನು ಒಂಟೆ ಬತ್ತದಾ" ಎಂದು ನಕ್ಕಿರಲ್ಲ, ಅದಾದ ಮೇಲೆ ಪಕ್ಕದೂರಿನ ಮರಮ್ಮನನ್ನು ಹಿಡಿಯಿತು. ಹುಲ್ಲು ಕೊಯ್ಯಲು ಹೋದವಳು. ಕುಡುಗೋಲು ಕೈಯಲ್ಲೇ ಇತ್ತಂತೆ. ನಾನು ನೋಡಲು ಹೋಗಲಿಲ್ಲ, ನೋಡಿ ಬಂದವರು ಆವತ್ತು ಊಟ ಮಾಡಲಿಲ್ಲ. ಆಶಾರಾಣಿಯನ್ನು ಹುಣಸೂರಿನಲ್ಲಿ ನಮ್ಮಕ್ಕನ ಮನೆಗೆ ಬಿಟ್ಟು ಬಂದೆ, ಮಗಳು ಅಲ್ಲಿಂದಲೇ ಕಾಲೇಜಿಗೆ ಹೋಗಲಿ. ಹೊತ್ತು ಇಳಿಯುವುದರೊಳಗೆ ಊರಿಗೆ ಊರೇ ಅಗುಳಿ ಹಾಕಿಕೊಳ್ಳುತ್ತದೆ. ಹೊಲದೊಳಗೆ ಹುಲಿ, ಮನೆಯೊಳಗೆ ನಾನು ಇಲಿ. ನಗಬೇಡಿ. ಹೆದರಿಕೆಯಾದರೆ ನನಗೆ ಬಿಕ್ಕಳಿಕೆಯ ಹಾಗೆ ಪ್ರಾಸ ಬರುತ್ತದೆಂದು ಮದುವೆಯ ಹೊಸತರಲ್ಲೇ ಕಂಡುಹಿಡಿದವರು ನೀವು.

ಮರಮ್ಮ ಹೋದ ಮಾರನೆ ದಿನ ಲೈಸೆನ್ಸಿನ ಕೋವಿ ಇದ್ದವರೆಲ್ಲ ಗುಂಪು ಕಟ್ಟಿಕೊಂಡು ಹುಲಿ ಹುಡುಕಲು ಹೊರಟರು. ಜೋಳದ ಹೊಲ ಅಲುಗಾಡಿತೆಂದು ಒಬ್ಬರು ಹೊಡೆದರು, ಒಬ್ಬರು ಹೊಡೆದರೆಂದು ಎಲ್ಲರೂ ಹೊಡೆದರು. ಸತ್ತದ್ದು ಅವರದೇ ನಾಯಿ. ಸಂಜೆಗೇ ನಿಷೇಧಾಜ್ಞೆ ಬಂತು. ಆಟೋಗೆ ಮೈಕು ಕಟ್ಟಿಕೊಂಡು ಸಾರಿದರು: ಗುಂಪು ಸೇರಬಾರದು, ಹುಲಿ ಸಿಗುವವರೆಗೆ ಎಲ್ಲರ ಕೋವಿಯೂ ಠಾಣೆಯಲ್ಲಿರಬೇಕು. ಎಲೆಕ್ಷನ್ ಬಂದಾಗಲೆಲ್ಲ ಕೊಟ್ಟು ಅಭ್ಯಾಸವಿರುವ ಊರು, ಗೊಣಗಿಕೊಂಡೇ ಒಬ್ಬೊಬ್ಬರಾಗಿ ಕೊಟ್ಟು ಬಂದರು. ಉಳಿದಿರುವುದು ನಮ್ಮದೊಂದೇ.

ನಮ್ಮದು ಎಂಥ ಕೋವಿ ಎಂದು ನಿಮಗೆ ಹೇಳಬೇಕೇ? ಮೊಟ್ಟೆಯೂ ಹೊಸಿಲು ದಾಟದ ಮನೆಯಲ್ಲಿ, ಕಂಬಕ್ಕೆ ಒರಗಿ, ವಿಭೂತಿ ಬಳಿಸಿಕೊಂಡು ನಿಂತಿರುವ ಶರಣ. ಮದ್ದು ಜಡಿದು ತುಂಬುವ ಹಳೇ ಕಾಲದ್ದು. ಆಯುಧಪೂಜೆಗೊಂದು ಸದ್ದು, ಆನೆ ಬಂದರೆ ಇನ್ನೊಂದು ಸದ್ದು, ಎರಡೂ ಆಕಾಶಕ್ಕೆ. ಕೊಡಲು ನನಗೇನೂ ಅಡ್ಡಿಯಿಲ್ಲ. ಆದರೆ ಲೈಸೆನ್ಸು ನಿಮ್ಮ ಹೆಸರಿಗಿದೆ. ಮನೆಗೆ ಬಂದಿದ್ದ ಪೇದೆ ಹೇಳಿದ: "ಅಮ್ಮಾವ್ರೆ, ನೀವೇ ಎತ್ಕೊಂಡ್ ಬಂದ್ರೆ ಅದೂ ಕೇಸಾಯ್ತದೆ. ಯಜಮಾನ್ರು ಬರ್ಲಿ, ಇಲ್ಲಾ ಅವರ ಸಹಿ ಇರೋ ಒಪ್ಪಿಗೆ ಬರ್ಲಿ. ಅಲ್ಲೀಗಂಟ ಬೀರುನಲ್ಲಿಟ್ಟು ಬೀಗ ಹಾಕಿ." ಬೀಗ ಹಾಕಿದ್ದೇನೆ ಎಂದೆ. ಇಟ್ಟುಕೊಂಡರೂ ತಪ್ಪು, ಕೊಟ್ಟರೂ ತಪ್ಪು, ನಡುವೆ ನಾನೊಂದು ಬೆಪ್ಪು.

ಬೀಗ ಹಾಕಿಲ್ಲ ರೀ. ಹಾಕಲು ನಿಮ್ಮ ಅಪ್ಪಾಜಿ ಬಿಡಬೇಕಲ್ಲ. ಕಣ್ಣಿಗೆ ಪೊರೆ ಬಂತೆಂದು ಲೈಸೆನ್ಸನ್ನು ನಿಮ್ಮ ಹೆಸರಿಗೆ ಮಾಡಿಸಿದೆವಲ್ಲ, ಅದನ್ನು ನೆನಪಿಸಿದರೆ "ಹೆಸ್ರು ಬದ್ಲಾಗಿದ್ದು ಆಪೀಸ್ನಾಗೆ, ಕೋವಿಗೇನು ಗೊತ್ತು" ಎನ್ನುತ್ತಾರೆ. ಪೇದೆಯ ಎದುರಿಗೂ ಸುಮ್ಮನಿರಲಿಲ್ಲ. "ಲೈಸನ್ಸ್ ಕೊಟ್ಟಿದ್ದು ಬೆಳೆ ಕಾಯಕ್ಕೆ ಅಂತ ನೀವೇ ಬರ್ದಿದೀರಿ. ಹಂದಿಯಿಂದ ಬೆಳೆ ಕಾಯಕ್ಕೆ ಕೋವಿ ಬೇಕು, ಹುಲಿಯಿಂದ ಮನೆ ಕಾಯಕ್ಕೆ ಬ್ಯಾಡ್ವಾ? ಹುಲೀಗೂ ಒಂದು ಆರ್ಡ್ರು ಕೊಡಿ, ಉಗುರು ತಂದು ಠಾಣೇಲಿ ಇಡ್ಲಿ, ಆಮೇಲೆ ನನ್ನ ಕೋವಿ ಇಡ್ತೀನಿ." ಪೇದೆಗೂ ನಗು ಬಂತು. "ಸಾಮೇರೆ, ಬುಧವಾರದೊಳಗೆ ಕೋವಿ ಬರ್ದೇ ಇದ್ರೆ ನಾನು ನಗೋಕಾಗಲ್ಲ" ಎಂದು ಹೇಳಿ ಹೋದ. ಮಾವನವರ ಮಾತಿನಲ್ಲಿ ನ್ಯಾಯವಿಲ್ಲ ಎನ್ನಲಾರೆ. ಕಷ್ಟ ಬಂದಾಗಲೇ ಕಿತ್ತುಕೊಳ್ಳುವುದಾದರೆ ಸುಖದಲ್ಲಿ ಯಾಕೆ ಕೊಟ್ಟಿರಿ ಎಂದು ಯಾರಾದರೂ ಕೇಳಬೇಕಾದ್ದೇ. ಆದರೆ ನ್ಯಾಯ ಅವರ ಬಾಯಲ್ಲಿದ್ದರೂ ಗುರಿ ಅವರ ಕಣ್ಣಲ್ಲಿಲ್ಲ.

ಹೊಗೆಸೊಪ್ಪಿನ ಕಾಲ, ಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆ ಆರಿಸುವಂತಿಲ್ಲ. ಸಂಜೆಯಾದರೆ ಮಾವನವರು ಅದರ ಮುಂದೆ ಗೋಣಿ ಹಾಸಿಕೊಂಡು, ತುಂಬಿದ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ನಿನ್ನೆ ಜಿಟಿಜಿಟಿ ಮಳೆ. ನಮ್ಮಲ್ಲಿ ಸೊಪ್ಪು ಕಟ್ಟುವ ಚಿಕ್ಕಸಿದ್ದಮ್ಮ ಕುಡುಗೋಲು ಮರೆತು ಹೋಗಿದ್ದವಳು, ತಲೆಗೆ ಗೋಣಿಚೀಲದ ಗೊಪ್ಪೆ ಹಾಕಿಕೊಂಡು ಜೋಳದ ಸಾಲಿನಲ್ಲಿ ಬಗ್ಗಿ ಬರುತ್ತಿದ್ದಾಳೆ. ಇವರು ಎದ್ದು ನಿಂತು ಕೋವಿಯನ್ನು ಹೆಗಲಿಗೇರಿಸಿದರು. ಅಡುಗೆಮನೆಯ ಕಿಟಕಿಯಿಂದ ನೋಡಿದ ನಾನು ಬಾಗಿಲಿಗೆ ಓಡಿದೆ. ಅವಳೇ ಕೂಗಿದಳು. "ಬುದ್ದೀ, ನಾನು ಕಣ್ರೀ, ಚಿಕ್ಕಸಿದ್ದಿ! ಹುಲಿ ಎಲ್ಲಾದ್ರೂ ಎಲೆಅಡಿಕೆ ಉಗೀತದಾ?" ಮಾವನವರು ಕೋವಿ ಇಳಿಸಿ "ಕೂಗ್ಕೊಂಡ್ ಬರ್ಬೇಕು ತಾನೇ" ಎಂದು ಅವಳಿಗೇ ಬೈದರು. ಅವಳು ಒಳಗೆ ಬಂದು ನೀರು ಕುಡಿದಳು. "ಹುಲಿ ಹೆಂಗಾನ ಇರ್ಲಿ ಕಣವ್ವ, ಮೊದ್ಲು ಸಾಮೇರ್ನ ಹಿಡ್ಕೊ" ಎಂದಳು.

ಹಿಡಿಯುವುದು ಹೇಗೆ? ಎಂಬತ್ತು ದಾಟಿದವರ ಕೈಯಿಂದ ಕಿತ್ತುಕೊಳ್ಳಲೇ? ಪೊಲೀಸರಿಗೆ ಹೇಳಿದರೆ ಲೈಸೆನ್ಸಿಲ್ಲದೆ ಕೋವಿ ಹಿಡಿದ ಕೇಸು ಅವರ ಮೇಲೆ, ಬೀಗ ಹಾಕದ ಕೇಸು ನಿಮ್ಮ ಮೇಲೆ. ಹುಲಿ ಹೊರಗಿದೆ, ಬೋನಿಗೆ ನಾವು ಬಿದ್ದಿದ್ದೇವೆ. ಒಪ್ಪಿಗೆಯ ಮಾತುಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಸಹಿ ಹಾಕಿ ಕಿರಣ್ಕುಮಾರನ ಕೈಯಲ್ಲೇ ಕಳಿಸಿ. ನಿಮ್ಮ ಅಪ್ಪಾಜಿಗೂ ಎರಡು ಸಾಲು ಬರೆಯಿರಿ. ಸೊಸೆ ಹೇಳಿದರೆ ಹಟ, ಮಗ ಬರೆದರೆ ದಿಟ.

ಅಲ್ಲಿ ಕೆಲಸಕ್ಕಿರುವವರಿಗೆಲ್ಲ ಜೋಪಾನ ಎಂದು ಹೇಳಿ. ನಂಜುಂಡೇಶ್ವರ ನಿಮ್ಮನ್ನೂ ನಿಮ್ಮ ಮಂಡಿಯನ್ನೂ ಕಾಯಲಿ.

ನಿಮ್ಮ ದಾರಿ ನೋಡುತ್ತಿರುವ,
ಸರ್ವಮಂಗಳ

ವಿ.ಸೂ: ಲಾರಿ ಬಾಗಿಲಿಗೆ ಬಂದಿದೆ. ಒಂದು ಮಾತು ಬರೆಯದೆ ಮುಚ್ಚಿಟ್ಟಿದ್ದೆ. ನಿನ್ನೆ ಚಿಕ್ಕಸಿದ್ದಮ್ಮ ಹೋದ ಮೇಲೆ, ಮಾವನವರು ಪೂಜೆಗೆ ಕೂತಿದ್ದಾಗ, ಕೋವಿಯ ನಳಿಗೆಗೆ ನೀರು ಹುಯ್ದುಬಿಟ್ಟೆ. ಮದ್ದು ನೆನೆದಿದೆ, ಇನ್ನದು ಹಾರುವುದಿಲ್ಲ. ಅವರಿಗೆ ಗೊತ್ತಿಲ್ಲ. ಈಗ ಕಿರಣ್ಕುಮಾರ ಲಾರಿ ತಿರುಗಿಸುವಾಗ ಬ್ಯಾರನ್ನಿನ ಹಿಂದೆ ಹೆಜ್ಜೆ ನೋಡಿದನಂತೆ, ಹಸೀ ಹೆಜ್ಜೆ. ಅರಣ್ಯದವರಿಗೆ ಫೋನು ಮಾಡಿದೆ, ಬರುತ್ತೇವೆ ಎಂದಿದ್ದಾರೆ. ಮಾವನವರು "ನಾನಿದೀನಲ್ಲ, ನೀ ಬಾಗ್ಲಾಕ್ಕೊ ಮಗ" ಎಂದು ಕೋವಿ ಹಿಡಿದು ಆ ಕಡೆಗೇ ಹೋದರು. ಅದನ್ನೇ ನಂಬಿಕೊಂಡು ಹೋಗಿದ್ದಾರೆ. ನಾನು ಬಾಗಿಲು ಹಾಕಿಕೊಂಡಿಲ್ಲ, ನೀರು ಹುಯ್ದದ್ದನ್ನು ಹೇಳಿ ಕರೆತರಲು ಹೋಗುತ್ತಿದ್ದೇನೆ. ಸಹಿ ಬೇಡ. ಇದೇ ಲಾರಿಯಲ್ಲಿ ನೀವೇ ಬಂದುಬಿಡಿ.