ಮುಚ್ಚದ ಬಾಗಿಲು

ಹದಿನಾಲ್ಕನೆಯ ತಾರೀಖು, ಗುರುವಾರ. ಪ್ರಾರ್ಥನೆಗೆ ಕುಳಿತರೂ ಚಿತ್ತವು ನೆಲೆಗೊಳ್ಳಲಿಲ್ಲ.

ಸೊಸೆ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಪದವಿಗೆ ಓದುತ್ತಿದ್ದಾಳೆ. ನಾಳಿನ ಪರೀಕ್ಷೆಗೆ ಅಭ್ಯಾಸವೆಂದು ಸಂಜೆ ನನ್ನನ್ನು ತಪ್ಪು ಮಾಡಿದ ಕೆಲಸಗಾರನಂತೆ ಕೂರಿಸಿ, ಮೊದಲು ಕೋಣೆಯ ಬಾಗಿಲು ಮುಚ್ಚಿದಳು.

"ಬಾಗಿಲು ಯಾಕಮ್ಮ?"

"ಬೈಯೋದು ನಾಲ್ಕು ಜನಕ್ಕೆ ಕೇಳಬಾರದು ಮಾವ. ಅದೇ ಮೊದಲ ಪಾಠ. ಇದಕ್ಕೇ ಐದು ಅಂಕ."

ಮೂವತ್ತು ವರ್ಷ ಮುದ್ರಣಾಲಯದ ಮೇಲ್ವಿಚಾರಕನಾಗಿದ್ದ ನನಗೆ ಈ ಪಾಠವನ್ನು ಯಾರೂ ಹೇಳಿರಲಿಲ್ಲ. ಪುಟಗಳನ್ನು ಹಿಂದುಮುಂದಾಗಿ ಹೊಲಿದನೆಂದು, ಅಲ್ಲಿ ಬೈಂಡಿಂಗ್ ಮಾಡುತ್ತಿದ್ದ ನನ್ನ ಸ್ವಂತ ಅಣ್ಣನನ್ನು ಹನ್ನೆರಡು ಜನರೆದುರು ಜರೆದಿದ್ದೆ. ಸೂಜಿಯನ್ನು ಮೇಜಿನ ಮೇಲಿರಿಸಿ ಹೊರನಡೆದವನು ನನ್ನೊಡನೆ ಮತ್ತೆ ಮಾತನಾಡದೆಯೇ ತೀರಿಕೊಂಡ.

"ಈಗ ನೀವು ಉತ್ತರ ಕೊಡ್ಬೇಕು ಮಾವ," ಎಂದಳು ಸೊಸೆ. ನಾನು ತಿರುಗಿ ಅವಳು ಮುಚ್ಚಿದ ಬಾಗಿಲನ್ನೇ ನೋಡಿದೆ.

ಮುದ್ರಣಾಲಯದ ನನ್ನ ಕೊಠಡಿಗೂ ಬಾಗಿಲಿತ್ತು, ದೇವರೇ. ನನ್ನ ಬೆನ್ನ ಹಿಂದೆಯೇ ಇತ್ತು. ಕೈಚಾಚಿದ್ದರೆ ಅಣ್ಣನನ್ನು ಒಳಗೆ ಕರೆದು ಅದನ್ನು ಮುಚ್ಚಬಹುದಿತ್ತು.