ಸಾಲದಲ್ಲಿ ನನ್ನ ಹೆಸರೂ ಇರಲಿ

ಭಾನುವಾರ, ಮಧ್ಯಾಹ್ನ

ಗೋಂದಿನ ಮಹಾರಾಣಿಗೆ,

ಫೋನ್ ಮಾಡಿದರೆ ಮೂರನೆಯ ಮಾತಿಗೇ ಜಗಳ ಶುರುವಾಗುತ್ತದೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕಲಾರೆ ಎಂಬ ಧೈರ್ಯದಿಂದ ಬರೆದು, ನಿನ್ನ ತಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ.

ಬೈಂಡಿಂಗ್ ಅಂಗಡಿ ಬಿಟ್ಟು ನಾಳೆ ಮತ್ತೆ ಕಾಲ್ ಸೆಂಟರಿಗೆ ಸೇರುವೆಯಂತೆ. ಹಳೆಯ ಸಂಬಳ ತೋರಿಸಿ ಮನೆಸಾಲವನ್ನು ನಿನ್ನೊಬ್ಬಳ ಹೆಸರಿಗೆ ಮಾಡಿಸಿಕೊಂಡು ನನ್ನನ್ನು ಬಿಡುಗಡೆ ಮಾಡುವೆಯಂತೆ. ಬಿಡುಗಡೆ ಕೇಳಿದವರು ಯಾರು ತಾಯಿ? ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ?

ಆದದ್ದಾದರೂ ಏನು? ನಾನು ಮನೆ ಬಿಟ್ಟು ಈ ಬಾಡಿಗೆ ಕೋಣೆಗೆ ಬಂದಾಗ, ಕಂತಿನಲ್ಲಿ ಅರ್ಧ ನಿನ್ನದು, ಅರ್ಧ ನನ್ನದು ಎಂದುಕೊಂಡೆವು. ಬೈಂಡಿಂಗ್ ಕೆಲಸಕ್ಕೆ ಸೇರಿ ನಿನ್ನ ಸಂಬಳ ಇಳಿಯಿತೆಂದು ಹೋದ ತಿಂಗಳು ನಾನು ಹೇಳದೆ ಕೇಳದೆ ಪೂರ್ತಿ ಕಂತು ನಿನ್ನ ಖಾತೆಗೆ ಹಾಕಿದೆ. ದಾನ ಬೇಡವೆಂದು ನೀನು ಅಷ್ಟನ್ನೂ ನನಗೇ ತಿರುಗಿಸಿದೆ. ನಾನೂ ಮುಖ ಊದಿಸಿಕೊಂಡು ಕೂತೆ. ಇಬ್ಬರ ಬಿಗುಮಾನದಲ್ಲಿ ಕಂತು ಬೌನ್ಸ್ ಆಗಿ ಬ್ಯಾಂಕಿನವರು ಸಾಲ ಕೊಡಲು ನೋಡುವ ಕ್ರೆಡಿಟ್ ಸ್ಕೋರ್ ಇಬ್ಬರದೂ ಬಿತ್ತು. ತಪ್ಪು ನಮ್ಮ ಮೂಗಿನ ತುದಿಯ ಕೋಪದ್ದು, ನಿನ್ನ ಹೊಸ ಕೆಲಸದ್ದಲ್ಲ.

ಹಳೆಯ ಕೆಲಸ ನಿನ್ನನ್ನು ಹೇಗೆ ಹಿಂಡಿತ್ತೆಂದು ಮರೆತೆಯಾ? ನಿದ್ದೆಯಲ್ಲೂ "ದಯವಿಟ್ಟು ಲೈನಿನಲ್ಲಿರಿ ಸಾರ್" ಎನ್ನುತ್ತಿದ್ದೆ. ಎಚ್ಚರವಾದಾಗ ನನಗೆ ಹೇಳಲು ನಿನ್ನಲ್ಲಿ ಮಾತೇ ಉಳಿದಿರುತ್ತಿರಲಿಲ್ಲ. ನಾವು ದೂರವಾದದ್ದೂ ಅಲ್ಲಿಂದಲೇ.

ಮೊನ್ನೆ ನಿಮ್ಮ ಅಂಗಡಿಯ ಎದುರು ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿತ್ತು. ರಿಪೇರಿಗೆ ಹೋದವನು ಮೂರನೆಯ ಮಹಡಿಯ ಕಿಟಕಿಯಿಂದ ನೋಡಿದೆ. ನೀನು ಹೊಲಿದ ಪುಸ್ತಕದ ಬೆನ್ನಿಗೆ ಗೋಂದು ಸವರುತ್ತಾ, ಪಕ್ಕದವಳ ಮಾತಿಗೆ ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದೆ. ಆ ಪಕ್ಕದವಳ ಮೇಲೆ ಹೊಟ್ಟೆಕಿಚ್ಚಾಯಿತು. ಸಂತೋಷವೂ ಆಯಿತು, ನಿಜ ಹೇಳುತ್ತೇನೆ.

ನಿನ್ನೆ ಬ್ಯಾಂಕಿಗೆ ಹೋಗಿದ್ದೆ. ಸಾಲದ ವಿಭಾಗದ ಮೇಡಂ, "ಸಂಬಳ ಕಮ್ಮಿ ಆಯ್ತು ಅಂತ ಸ್ಕೋರ್ ಬೀಳಲ್ಲ, ಕಂತು ತಪ್ಪಿದ್ರೆ ಬೀಳುತ್ತೆ" ಎಂದರು. ತಪ್ಪಿದ ಕಂತು ಕಟ್ಟಿಬಂದೆ. ಇನ್ನು ಸರಿಯಾಗಿ ಕಟ್ಟುತ್ತಾ ಹೋದರೆ ನಿಧಾನವಾಗಿ ಸುಧಾರಿಸುತ್ತದಂತೆ. ಸಾಲದ ಅವಧಿ ಹೆಚ್ಚಿಸಿದರೆ ಬಡ್ಡಿ ಒಟ್ಟಿನಲ್ಲಿ ಜಾಸ್ತಿ, ಆದರೆ ಕಂತು ನಿನ್ನ ಈಗಿನ ಸಂಬಳಕ್ಕೆ ಹೊಂದುವಷ್ಟು ಇಳಿಯುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ಈ ಸಂಬಳಕ್ಕೆ ಸಾಲ ನಿನ್ನೊಬ್ಬಳ ಹೆಸರಿಗೆ ಆಗುವುದಿಲ್ಲ, ನನ್ನ ಹೆಸರೂ ಇರಲೇಬೇಕು. ಅದಿದ್ದರೆ, ಬೇರೆ ಇರಲೆಂದು ನಾನು ನೋಡಿಟ್ಟಿದ್ದ ಫ್ಲ್ಯಾಟಿಗೆ ಬೇರೆ ಸಾಲ ಹುಟ್ಟುವುದಿಲ್ಲ. ಹುಟ್ಟದಿದ್ದರೆ ಬೇಡ. ಅವಧಿ ಹೆಚ್ಚಿಸುವ ಅರ್ಜಿಗೆ ನಾನು ಸಹಿ ಹಾಕಿದ್ದೇನೆ, ಇದರ ಜೊತೆಗೇ ಇದೆ. ನಿನ್ನ ಸಹಿಯೊಂದು ಬಾಕಿ.

ನಾಳೆ ಬೈಂಡಿಂಗ್ ಅಂಗಡಿಗೇ ಹೋಗು. ನೀನಿಲ್ಲದೆ ಇಲ್ಲಿ ತುಂಬ ಬೇಸರ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಕಾಗದದಲ್ಲೂ ಮನಸ್ಸಿನಲ್ಲೂ ಇನ್ನೂ ನಿನ್ನ ಗಂಡನಾದ,
ಲಿಫ್ಟ್ ರಿಪೇರಿಯವನು

ತಾ.ಕ.: ಅರ್ಜಿಯಲ್ಲಿ ನನ್ನ ವಿಳಾಸ ಕೇಳಿದ್ದರು. ಈ ಕೋಣೆಯದನ್ನು ಬರೆಯಲು ಕೈ ಬರಲಿಲ್ಲ, ನಮ್ಮ ಮನೆಯದನ್ನೇ ಬರೆದೆ. ಅದು ನಿಜವೋ ಸುಳ್ಳೋ ನೀನೇ ಹೇಳಬೇಕು. ಸುಳ್ಳಾದರೆ ಹೊಡೆದುಹಾಕಿ ಕೋಣೆಯದನ್ನು ಬರೆ, ನಾನು ಏನೂ ಅನ್ನುವುದಿಲ್ಲ. ಆದರೆ ಹೊಡೆದುಹಾಕಿದರೂ ಸಹಿ ಮಾತ್ರ ಹಾಕು.